ಅಳತೆಗೂ ಒಂದು ಪರೀಕ್ಷೆ

ತಕ್ಕಡಿಯ ಮೇಲೆ ಸಂಶಯ ಬಂದರೆ ನಮ್ಮ ತಾಳವಾಡಿ ಬೆಟ್ಟದ ರೈತರು ಮೂಟೆಯನ್ನು ಇನ್ನೊಂದು ತಕ್ಕಡಿಯಲ್ಲಿ ತೂಗಿಸಿ ನೋಡುವುದುಂಟು. ದೊಡ್ಡ ಪ್ರಯೋಗಾಲಯಗಳು ಮಾಡುವುದೂ ಇದನ್ನೇ.

ರೇಡಿಯೊ, ಮೊಬೈಲ್ ಟವರ್‌ಗಳಲ್ಲಿ ಬಳಸುವ ಅತಿ ಹೆಚ್ಚು ಆವೃತ್ತಿಯ ವಿದ್ಯುತ್ ಸಾಮರ್ಥ್ಯವನ್ನು ಅಳೆಯುವುದು ಸುಲಭವಲ್ಲ. ಅದರಿಂದ ಹುಟ್ಟುವ ಶಾಖವನ್ನು, ಸರಿಯಾಗಿ ಅಳೆಯಬಲ್ಲ ನೇರ ವಿದ್ಯುತ್ತಿನ ಶಾಖದೊಡನೆ ಸರಿದೂಗಿಸಿ ಇಷ್ಟು ವಾಟ್ ಎಂದು ಹೇಳುತ್ತಾರೆ. ಹೇಳಿದ್ದು ಸರಿಯೇ? ಅದನ್ನು ತಿಳಿಯಲು ಒಂದೇ ಮಾಪಕವನ್ನು ದೇಶದಿಂದ ದೇಶಕ್ಕೆ ಕಳುಹಿಸುತ್ತಾರೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಪ್ರತಿ ಪ್ರಯೋಗಾಲಯವೂ ಅಳೆದು, ತನ್ನ ಅಳತೆಯಲ್ಲಿ ಎಷ್ಟು ವ್ಯತ್ಯಾಸವಿರಬಹುದು ಎಂಬುದನ್ನೂ ಬರೆದುಕೊಡಬೇಕು. 1999ರ ಅಂತರರಾಷ್ಟ್ರೀಯ ಒಪ್ಪಂದದಂತೆ ಇಂತಹ ಹೋಲಿಕೆಗಳ ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಈ ಒಪ್ಪಂದದಲ್ಲಿದೆ.

ವಿದ್ಯಾರ್ಥಿಗಳೇ, ಪಕ್ಕದವರನ್ನು ನೋಡಿ ಬರೆದರೆ ಇಬ್ಬರ ಉತ್ತರವೂ ಒಂದೇ ಆದೀತು. ಆದರೆ ಅದು ಸರಿ ಎಂಬುದಕ್ಕೆ ಆಧಾರವೇನು? ಬೇರೆ ಬೇರೆಯಾಗಿ ಮಾಡಿ, ಆಮೇಲೆ ಕೂಡಿ ಹೋಲಿಸಿರಿ. ಅಡಗಿದ ತಪ್ಪು ಹೊರಬೀಳುತ್ತದೆ. ಪೋಷಕರೇ, ಅಂಕ ಕಡಿಮೆಯೆಂದು ಗದರಿಸಿದರೆ ಮಕ್ಕಳು ನಕಲಿಗೆ ಇಳಿಯುತ್ತಾರೆ. ದೇಶದ ಪ್ರಯೋಗಾಲಯವೇ ಪರೀಕ್ಷೆಗೆ ನಿಲ್ಲುವಾಗ, ಸ್ವಂತ ಉತ್ತರವನ್ನು ನಾಲ್ವರ ಮುಂದಿಡುವ ಧೈರ್ಯವನ್ನು ನಮ್ಮ ಮಕ್ಕಳಿಗೂ ಕಲಿಸೋಣ.