ಎತ್ತರಿಸಿದ ವಾಹನವೂ ಗುರುತ್ವಕೇಂದ್ರವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮರಳುದಿಬ್ಬಗಳಲ್ಲಿಯೂ ಕಾಡುದಾರಿಗಳಲ್ಲಿಯೂ ವಿಶಾಲವಾದ ಜಮೀನುಗಳಲ್ಲಿಯೂ ‘ಸೈಡ್-ಬೈ-ಸೈಡ್’ ಎಂಬ ಒಂದು ಬಗೆಯ ಸಣ್ಣ ಮೋಟಾರು ವಾಹನವು ಹೇರಳವಾಗಿ ಬಳಕೆಯಲ್ಲಿದೆ. ಚಾಲಕನೂ ಜೊತೆಗಾರನೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ನಾಲ್ಕು ದಪ್ಪ ಟೈರುಗಳು, ತಲೆಯ ಮೇಲೆ ಉಕ್ಕಿನ ಕೊಳವೆಗಳ ಪಂಜರ, ಕಾರಿನಲ್ಲಿರುವಂತೆ ಸ್ಟೀರಿಂಗ್ ಚಕ್ರ, ಸೀಟ್ ಬೆಲ್ಟು ಇವು ಅದರ ಮುಖ್ಯ ಲಕ್ಷಣಗಳು. ಇದನ್ನು ಕೊಂಡವರಲ್ಲಿ ಅನೇಕರಿಗೆ ಕಾರ್ಖಾನೆಯಿಂದ ಬಂದ ರೂಪ ಸಾಲದು. ಬೇರೊಬ್ಬ ತಯಾರಕನು ಮಾರುವ ಸಸ್ಪೆನ್ಷನ್ ಕಿಟ್ಟನ್ನು ತಂದು ಮನೆಯ ಗ್ಯಾರೇಜಿನಲ್ಲಿಯೇ ಜೋಡಿಸಿ, ವಾಹನವನ್ನು ಎರಡು ಮೂರು ಅಂಗುಲ ಎತ್ತರಿಸುವರು. ಈ ಕೆಲಸಕ್ಕೆ ಸ್ಪ್ಯಾನರಿಗಿಂತ ಮೊದಲು ಬೇಕಾಗುವುದು ಕಾಗದ ಮತ್ತು ಪೆನ್ಸಿಲು ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವನ್ನು ಮೀರಿದ ವಿಷಯ ಬಹಳವೇನೂ ಇಲ್ಲ. ಆದರೆ ಅಷ್ಟನ್ನು ಅಲಕ್ಷಿಸಿದರೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು.

ಎತ್ತರಿಸುವವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ಬಂಡೆಗಳ ನಡುವೆ ಹೋಗುವಾಗ ವಾಹನದ ತಳ ಕಲ್ಲಿಗೆ ತಗುಲುವುದು. ಆಳವಾದ ಗಾಲಿಜಾಡಿನಲ್ಲಿ ಹೊಟ್ಟೆ ನೆಲಕ್ಕೆ ಕೂತು ಚಕ್ರಗಳು ಸುಮ್ಮನೆ ತಿರುಗುವುವು. ನೆಲಕ್ಕೂ ತಳಕ್ಕೂ ನಡುವಿನ ಅಂತರ ಹೆಚ್ಚಿದಷ್ಟೂ ಈ ತೊಂದರೆ ಕಡಿಮೆಯಾಗುವುದು ನಿಜ. ದೊಡ್ಡ ಟೈರು ಹಾಕಿದರೆ ಲಾಭ ಅದರ ವ್ಯಾಸದ ಹೆಚ್ಚಳದ ಅರ್ಧದಷ್ಟು ಮಾತ್ರ. ಆದುದರಿಂದ ಜನರು ಕಿಟ್ಟಿನ ಕಡೆಗೆ ತಿರುಗುವರು. ಆದರೆ ಪ್ರಕೃತಿಯು ಏನನ್ನೂ ಉಚಿತವಾಗಿ ಕೊಡುವುದಿಲ್ಲ. ತಳ ಮೇಲೇರಿದಾಗ ಅದರೊಡನೆ ಗುರುತ್ವಕೇಂದ್ರವೂ ಮೇಲೇರುವುದು.

ಹುಲ್ಲು ಹೇರಿದ ಗಾಡಿಯು ಬದುವಿನ ಮೇಲೆ ಒಂದು ಗಾಲಿ ಹತ್ತಿದಾಗ ಮಗುಚುವುದನ್ನು ಹಳ್ಳಿಯ ವಾಚಕರು ಕಂಡಿರಬಹುದು. ಅದೇ ಗಾಡಿಯಲ್ಲಿ ಅಷ್ಟೇ ತೂಕದ ಕಲ್ಲುಚಪ್ಪಡಿಗಳಿದ್ದರೆ ಮಗುಚುತ್ತಿರಲಿಲ್ಲ. ತೂಕವೊಂದೇ ಆದರೂ ಅದು ನೆಲೆಸಿರುವ ಎತ್ತರ ಬೇರೆ. ಗುರುತ್ವಕೇಂದ್ರದಿಂದ ಕೆಳಗೆ ಇಳಿಬಿಟ್ಟ ಲಂಬರೇಖೆಯು ಎಡಬಲ ಚಕ್ರಗಳ ನಡುವೆ ಬೀಳುವವರೆಗೆ ವಾಹನ ನಿಲ್ಲುವುದು. ಅದು ಹೊರಗೆ ಬಿದ್ದೊಡನೆ ಉರುಳುವುದು. ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸ್ಥಿರತೆಯ ಅಳತೆ. ಎಷ್ಟು ಡಿಗ್ರಿ ಓರೆಯಾದ ನೆಲದಲ್ಲಿ ವಾಹನ ಉರುಳುವುದೋ ಆ ಕೋನದ ಟ್ಯಾಂಜೆಂಟು ಇದೇ.

ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. ಚಕ್ರಗಳ ಅಂತರ 120 ಸೆಂಟಿಮೀಟರ್, ಗುರುತ್ವಕೇಂದ್ರದ ಎತ್ತರ 60 ಸೆಂಟಿಮೀಟರ್ ಇರಲಿ. ಆಗ ಈ ಸಂಖ್ಯೆ 1. ಉರುಳುವ ಕೋನ 45 ಡಿಗ್ರಿ. ವಾಹನದ ತೂಕ 600 ಕಿಲೋಗ್ರಾಂ ಎಂದಿಟ್ಟುಕೊಂಡು, ತಲಾ 75 ಕಿಲೋಗ್ರಾಂ ತೂಕದ ಇಬ್ಬರನ್ನು 90 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸಿದರೆ, ಒಟ್ಟು ಗುರುತ್ವಕೇಂದ್ರವು 66 ಸೆಂಟಿಮೀಟರಿಗೆ ಏರುವುದು. ಕೋನವು ಸುಮಾರು 42 ಡಿಗ್ರಿಗೆ ಇಳಿಯುವುದು. ಇದರ ಮೇಲೆ ಮೂರು ಅಂಗುಲದ ಕಿಟ್ಟನ್ನು ಹಾಕಿ, ಎಲ್ಲವೂ ಸುಮಾರು 7.5 ಸೆಂಟಿಮೀಟರ್ ಮೇಲೇರಿತೆಂದು ಭಾವಿಸಿದರೆ, ಕೋನ 39 ಡಿಗ್ರಿಯಾಗುವುದು. ಕಳೆದುಕೊಂಡ ಮೂರು ಡಿಗ್ರಿಯನ್ನು ಮರಳಿ ಪಡೆಯಬೇಕಾದರೆ ಚಕ್ರಗಳನ್ನು ಪ್ರತಿಯೊಂದು ಪಕ್ಕದಲ್ಲಿಯೂ ಸುಮಾರು 7 ಸೆಂಟಿಮೀಟರ್ ಹೊರಕ್ಕೆ ಸರಿಸಬೇಕು.

ಮೂರು ಡಿಗ್ರಿ ಅಲ್ಪವೆಂದು ತೋರಬಹುದು. ಆದರೆ ಇದು ನಿಂತ ವಾಹನದ ಲೆಕ್ಕ. ತಿರುವಿನಲ್ಲಿ ಓಡುವಾಗ ಕಮಾನುಗಳ ಮೇಲಿನ ದೇಹವು ಹೊರಕ್ಕೆ ವಾಲುವುದು, ಅದರೊಡನೆ ಗುರುತ್ವಕೇಂದ್ರವೂ ಹೊರಕ್ಕೆ ಸರಿಯುವುದು. ಹೊರಗಿನ ಚಕ್ರ ಒಂದು ಕಲ್ಲಿಗೆ ಬಡಿದರೆ ಉಳಿದಿದ್ದ ಅಂತರವೂ ಮುಗಿಯುವುದು.

ಇದು ಪುಸ್ತಕದ ಭೀತಿಯಲ್ಲ. ಯಮಹಾ ಕಂಪೆನಿಯ ‘ರೈನೋ’ ಎಂಬ ಸೈಡ್-ಬೈ-ಸೈಡ್ ವಾಹನವು 2003ರಿಂದ ಅಮೆರಿಕದಲ್ಲಿ ಮಾರಾಟವಾಯಿತು. 2009ರ ಮಾರ್ಚಿಯಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು, ಈ ವಾಹನದ ಎರಡು ಮಾದರಿಗಳಿಗೆ ಸಂಬಂಧಿಸಿದ ಐವತ್ತಕ್ಕೂ ಮಿಕ್ಕ ಘಟನೆಗಳನ್ನು ತಾನು ಪರಿಶೀಲಿಸಿರುವುದಾಗಿಯೂ ಅವುಗಳಲ್ಲಿ 46 ಸಾವುಗಳಾಗಿರುವುದಾಗಿಯೂ ಪ್ರಕಟಿಸಿತು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನ ಘಟನೆಗಳು ವಾಹನ ಉರುಳಿದಂಥವು. ಅನೇಕರು ಬೆಲ್ಟು ಕಟ್ಟಿಕೊಂಡಿರಲಿಲ್ಲ. ಎಲ್ಲಕ್ಕಿಂತ ಗಮನಿಸಬೇಕಾದ ಮಾತೆಂದರೆ, ಉರುಳಿದ ಘಟನೆಗಳಲ್ಲಿ ಹಲವು ಸಮತಟ್ಟಾದ ನೆಲದಲ್ಲಿ, ಹೆಚ್ಚೇನೂ ಇಲ್ಲದ ವೇಗದಲ್ಲಿ, ತಿರುಗುವಾಗ ನಡೆದಂತೆ ಕಂಡುಬಂದಿತು. ಇದಕ್ಕೆ ಕಂಪೆನಿಯು ಉಚಿತವಾಗಿ ಮಾಡಿಕೊಟ್ಟ ದುರಸ್ತಿ ಏನು? ಹಿಂದಿನ ಚಕ್ರಗಳಿಗೆ ಅಂತರ ಹೆಚ್ಚಿಸುವ ತುಂಡುಗಳನ್ನು ಜೋಡಿಸಿದರು. ಹಿಂಭಾಗದ ಓಲಾಟ ತಡೆಯುವ ಉಕ್ಕಿನ ದಂಡವನ್ನು ತೆಗೆದುಹಾಕಿದರು.

ಮೊದಲನೆಯದರ ಕಾರಣ ನಮ್ಮ ಲೆಕ್ಕದಲ್ಲಿಯೇ ಇದೆ: ಅಂತರ ಹೆಚ್ಚಿದರೆ ಸ್ಥಿರತೆ ಹೆಚ್ಚುವುದು. ಎರಡನೆಯದು ವಿಚಿತ್ರವಾಗಿ ತೋರುವುದು. ಓಲಾಟ ತಡೆಯುವ ದಂಡವನ್ನು ತೆಗೆದರೆ ಅಪಾಯ ಹೆಚ್ಚಬೇಕಲ್ಲವೆ? ಹಾಗಲ್ಲ. ಹಿಂಭಾಗ ಬಿಗಿಯಾದಷ್ಟೂ ತಿರುವಿನಲ್ಲಿ ಹಿಂದಿನ ಹೊರಚಕ್ರದ ಮೇಲೆ ಹೆಚ್ಚು ಭಾರ ಬೀಳುವುದು; ಹಿಂದಿನ ಜೋಡಿಯ ಒಟ್ಟು ಹಿಡಿತ ಕುಗ್ಗುವುದು; ಚಾಲಕನು ತಿರುಗಿಸಿದ್ದಕ್ಕಿಂತ ಹೆಚ್ಚಾಗಿ ವಾಹನವು ತಾನೇ ಒಳಕ್ಕೆ ತಿರುಗುವುದು. ದಂಡವನ್ನು ತೆಗೆದಾಗ ಈ ಸ್ವಭಾವ ತಗ್ಗುವುದು. ಸಸ್ಪೆನ್ಷನ್ ಎಂಬುದು ಒಂದು ಒಕ್ಕೂಟ. ಅದರಲ್ಲಿ ಒಂದನ್ನು ಮುಟ್ಟಿದರೆ ಎಲ್ಲವೂ ಅಲುಗುವುವು. ‘ಬಿಗಿಯಾದದ್ದೆಲ್ಲ ಭದ್ರ’ ಎಂಬ ನಂಬಿಕೆ ಇಲ್ಲಿ ಸಲ್ಲದು.

ಇಂಥದೇ ಮತ್ತೊಂದು ತಪ್ಪು ನಂಬಿಕೆಯು ಕಮಾನಿನ ಮೇಲಿರುವ ತಿರುಗಿಸುವ ಬಳೆಯ ವಿಷಯದಲ್ಲಿದೆ. ಅದನ್ನು ಬಿಗಿಮಾಡಿದರೆ ಕಮಾನು ಗಡುಸಾಗುವುದೆಂದು ಹಲವರು ತಿಳಿಯುವರು. ಹುಕ್‌ ಎಂಬ ವಿಜ್ಞಾನಿಯು 1678ರಲ್ಲಿ ಪ್ರಕಟಿಸಿದ ನಿಯಮದಂತೆ, ಕಮಾನಿನ ಕುಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುವುದು. ವಾಹನದ ತೂಕ ಬದಲಾಗದಿರುವಾಗ ಸಾಮಾನ್ಯ ಸುರುಳಿ ಕಮಾನಿನ ಕುಗ್ಗುವಿಕೆಯೂ ಬದಲಾಗದು. ಆದುದರಿಂದ ಬಳೆಯನ್ನು ಬಿಗಿಮಾಡಿದರೆ ವಾಹನ ಮೇಲೇರುವುದೇ ಹೊರತು ಕಮಾನಿನ ಗಡಸುತನ ಮೊದಲಿನಷ್ಟೇ ಇರುವುದು. ಮೇಲೇರಿದ ಮೇಲೆ ಚಕ್ರವು ಹಳ್ಳಕ್ಕೆ ಇಳಿಯಲು ಉಳಿಯುವ ದೂರ ಮಾತ್ರ ಕಡಿಮೆಯಾಗುವುದು.

ನಿಜವಾಗಿಯೂ ಗಡುಸಾದ ಕಮಾನನ್ನು ಹಾಕಿದರೆ ಏನಾಗುವುದು? ತೂಕದಿಂದ 10 ಸೆಂಟಿಮೀಟರ್ ಕುಗ್ಗುತ್ತಿದ್ದ ಕಮಾನಿನ ಮೇಲೆ ವಾಹನವು ಸೆಕೆಂಡಿಗೆ ಸುಮಾರು 1.6 ಬಾರಿ ತೂಗಾಡುವುದು. ಎರಡರಷ್ಟು ಗಡುಸಾದ ಕಮಾನಿನಲ್ಲಿ ಕುಗ್ಗುವಿಕೆ 5 ಸೆಂಟಿಮೀಟರಾಗಿ ಈ ಸಂಖ್ಯೆ 2.2ಕ್ಕೆ ಏರುವುದು. ಕುಳಿತ ಮನುಷ್ಯನ ದೇಹವನ್ನು ಅತ್ಯಂತ ಹೆಚ್ಚಾಗಿ ಬಾಧಿಸುವುದು ಸೆಕೆಂಡಿಗೆ 4ರಿಂದ 8 ಬಾರಿಯ ಮೇಲುಕೆಳಗಿನ ಕಂಪನ. ನಾವು ಆ ದಿಕ್ಕಿನಲ್ಲಿಯೇ ಹೆಜ್ಜೆಯಿಟ್ಟಂತಾಯಿತು. ಮೇಲಾಗಿ, ಹಳೆಯ ಷಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಅದು ಹೊಸ ಕಮಾನಿನ ತೂಗಾಟವನ್ನು ಮೊದಲಿನಷ್ಟು ಕಡಿಮೆ ಬಾರಿಯ ತೂಗಿನಲ್ಲಿ ಅಡಗಿಸಲಾರದು. ಉಬ್ಬಿನ ಮೇಲೆ ಹಾರಿದ ವಾಹನವು ಮತ್ತೆ ಮತ್ತೆ ನೆಗೆಯುವುದು.

ಇನ್ನು ಜೋಡಿಸುವ ಕೆಲಸ. ಸಮತಟ್ಟಾದ ನೆಲದಲ್ಲಿ ಚೌಕಟ್ಟನ್ನು ಜಾಕಿಯಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ತೂರಬಾರದು. ಸುರುಳಿ ಕಮಾನನ್ನು ಬಿಡಿಸಲು ಅದಕ್ಕೆಂದೇ ಇರುವ ಒತ್ತುಸಾಧನ ಬೇಕು. ಒಂದು ಮಿಲಿಮೀಟರಿಗೆ 20 ನ್ಯೂಟನ್ ಬಲ ಬೇಡುವ ಕಮಾನನ್ನು 15 ಸೆಂಟಿಮೀಟರ್ ಒತ್ತಿದಾಗ ಅದರಲ್ಲಿ 225 ಜೂಲ್ ಶಕ್ತಿ ಅಡಗಿರುವುದು. ಇದು 23 ಕಿಲೋಗ್ರಾಂ ಗುಂಡುಕಲ್ಲು ಒಂದು ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ಬೋಲ್ಟುಗಳನ್ನು ತಯಾರಕನು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಮಾಡಬೇಕು. ಮೊದಲ ಓಡಾಟದ ಅನಂತರ ಮತ್ತೊಮ್ಮೆ ನೋಡಬೇಕು. ಚಕ್ರವನ್ನು ಪೂರ್ತಿಯಾಗಿ ಇಳಿಬಿಟ್ಟು, ಎರಡೂ ಕಡೆಗೆ ತಿರುಗಿಸಿ, ಬ್ರೇಕಿನ ಕೊಳವೆ ಬಿಗಿದುಕೊಳ್ಳುವುದೆ ಎಂದು ಪರೀಕ್ಷಿಸಬೇಕು. ಎತ್ತರಿಸಿದ ವಾಹನದಲ್ಲಿ ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡಗಳು ಹೆಚ್ಚು ಓರೆಯಾಗುವುವು. ಅವುಗಳ ಕೀಲುಗಳು ಬೇಗ ಸವೆಯುವುವು, ಕೀಲಿನ ರಬ್ಬರು ಹೊದಿಕೆ ಹರಿಯುವುದು. ಕೊನೆಗೆ ಚಕ್ರಗಳ ನೇರವನ್ನು ಹೊಸದಾಗಿ ಹೊಂದಿಸದೆ ವಾಹನವನ್ನು ಹೊರಕ್ಕೆ ತೆಗೆಯಬಾರದು.

ಇಷ್ಟೆಲ್ಲ ಇರುವಾಗ, ಕಿಟ್ಟಿನ ಪೆಟ್ಟಿಗೆಯ ಮೇಲೆ ‘ಮೂರು ಅಂಗುಲ’ ಎಂದಷ್ಟೇ ಅಚ್ಚುಹಾಕಿ ಮಾರುವುದು ಅರ್ಧಸತ್ಯದ ವ್ಯಾಪಾರವೆಂದೇ ನಾನು ಹೇಳುವೆನು. ಕಮಾನಿನ ಗಡಸುತನ ಎಷ್ಟು, ಅಂತರ ಎಷ್ಟು ಹೆಚ್ಚುವುದು, ಉರುಳುವ ಕೋನ ಎಷ್ಟು ಇಳಿಯುವುದು ಎಂಬ ಮೂರು ಸಂಖ್ಯೆಗಳನ್ನು ಅದರ ಪಕ್ಕದಲ್ಲಿ ಕೊಡತಕ್ಕದ್ದು. ಔಷಧದ ಸೀಸೆಯ ಮೇಲೆ ಪ್ರಮಾಣವನ್ನು ಬರೆಯುವುದು ನ್ಯಾಯವಾದರೆ ಇದೂ ನ್ಯಾಯವೇ. ಕೊಳ್ಳುವವರು ಕೇಳದಿದ್ದರೆ ಮಾರುವವರು ತಾವಾಗಿ ಕೊಡಲಾರರು. ಕೇಳಬೇಕಾದರೆ ಅವುಗಳ ಅರ್ಥ ತಿಳಿದಿರಬೇಕು.

ಇದು ದೂರದೇಶದ ಮಾತೆಂದು ನಮ್ಮ ವಿದ್ಯಾರ್ಥಿಗಳು ತಳ್ಳಿಹಾಕಬೇಕಾಗಿಲ್ಲ. ‘ಬಾಹಾ’ ಎಂಬ ಸ್ಪರ್ಧೆಗಾಗಿ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಬ್ಬರೇ ಕೂರುವ ಇಂಥ ಒರಟುನೆಲದ ವಾಹನಗಳನ್ನು ತಾವೇ ಕಟ್ಟುವರು. ಅವರು ಆಯ್ದ ಎತ್ತರದ ಮೇಲೆ ಚಾಲಕನಾದ ಸಹಪಾಠಿಯ ಪ್ರಾಣವು ನಿಂತಿರುವುದು. ಗುರುತ್ವಕೇಂದ್ರದ ಪಾಠವು ಪರೀಕ್ಷೆಯಲ್ಲಿ ಐದು ಅಂಕಗಳ ಪ್ರಶ್ನೆಯಾಗಿ ಬರುವುದು; ಓರೆಯಾದ ನೆಲದಲ್ಲಿ ಅದೇ ಪ್ರಶ್ನೆ ಮತ್ತೊಮ್ಮೆ ಎದುರಾಗುವುದು, ಅಲ್ಲಿ ತಿದ್ದಿ ಬರೆಯಲು ಅವಕಾಶವಿರುವುದಿಲ್ಲ. ಆದುದರಿಂದ ಮೊದಲು ಅಳೆಯಿರಿ, ಅನಂತರ ಲೆಕ್ಕ ಹಾಕಿರಿ, ಕಟ್ಟಕಡೆಗೆ ಬೋಲ್ಟನ್ನು ಸಡಿಲಿಸಿರಿ.