ಕಂಡಕ್ಟರ್ ತಾಳ್ಮೆಗೂ ಲೆಕ್ಕ ಇಡಿ

2025ರ ಜುಲೈ 14ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಯ 500 ಕೋಟಿಯನೇ ಟಿಕೆಟನ್ನು ಮುಖ್ಯಮಂತ್ರಿ ಸಡಗರದಿಂದ ಮಹಿಳೆಯೊಬ್ಬರ ಕೈಗಿತ್ತರು. ಮೂರೇ ವಾರದಲ್ಲಿ, ಆಗಸ್ಟ್ 5ರಂದು, ಅಷ್ಟೂ ಟಿಕೆಟ್ ಹರಿದುಕೊಟ್ಟ ಸಾರಿಗೆ ನೌಕರರು ಮುಷ್ಕರಕ್ಕಿಳಿದರು. ಅವರು ಕೇಳಿದ್ದು 2020ರ ಜನವರಿಯಿಂದ ಬರಬೇಕಿದ್ದ 38 ತಿಂಗಳ ವೇತನ ಹೆಚ್ಚಳದ ಬಾಕಿ. ಹೈಕೋರ್ಟ್ ಗದರಿದ ಮೇಲೆ ಅದೇ ದಿನ ಮುಷ್ಕರ ನಿಂತಿತು. ಜಗಳ ಮಾತ್ರ ನಿಲ್ಲಲಿಲ್ಲ. ಕೆಲವರಿಗೆ ಕಂಡಕ್ಟರುಗಳೆಂದರೆ ಸೊಕ್ಕಿನವರು. ಇನ್ನು ಕೆಲವರಿಗೆ ಪುಕ್ಕಟೆ ಓಡಾಡುವ ಹೆಂಗಸರೇ ಎಲ್ಲ ತಾಪತ್ರಯಕ್ಕೆ ಮೂಲ. ಎರಡನ್ನೂ ನಾನು ಒಪ್ಪುವುದಿಲ್ಲ.

ಶಕ್ತಿ ಯೋಜನೆ ಬೇಕು. ವಿಜಯಪುರ ಜಿಲ್ಲೆಯ ಟಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಬಸ್ ಚಾರ್ಜು ಉಳಿಯುವುದೆಂದರೆ ಸಂಜೆಯ ಸಂತೆಗೆ ದುಡ್ಡು ಉಳಿದಂತೆ. ತೊರವಿಯ ಮಹಿಳಾ ವಿಶ್ವವಿದ್ಯಾಲಯಕ್ಕೋ ವಿಜಯಪುರದ ಕಾಲೇಜಿಗೋ ಬರುವ ಹುಡುಗಿ ದಿನಾ ಬೆಳಿಗ್ಗೆ ಅಪ್ಪನ ಮುಂದೆ ಕೈಚಾಚಬೇಕಿಲ್ಲ. ಇದನ್ನು ಕಿತ್ತುಕೊಳ್ಳಿ ಎನ್ನುವವರಿಗೆ ನನ್ನ ಬೆಂಬಲವಿಲ್ಲ. ಆದರೆ ಈ ಯೋಜನೆಯನ್ನು ಸರ್ಕಾರ ನಡೆಸುತ್ತಿರುವುದು ಬರೀ ಬೊಕ್ಕಸದ ಹಣದಿಂದಲ್ಲ, ಕಂಡಕ್ಟರುಗಳ ತಾಳ್ಮೆಯಿಂದಲೂ ಹೌದು. ಹಣಕ್ಕಾದರೆ ಬಜೆಟ್ಟಿನಲ್ಲಿ ಲೆಕ್ಕವಿದೆ, ತಾಳ್ಮೆಗೆ ಇಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಒಂದು ಪುಸ್ತಕ ಬರೆದರು. ಡೆಲ್ಟಾ ಏರ್‌ಲೈನ್ಸ್‌ನ ಗಗನಸಖಿಯರು ಒಳಗೆ ಕುದಿಯುತ್ತಿದ್ದರೂ ನಗುತ್ತಲೇ ಇರಬೇಕು. ಆ ನಗುವೂ ದುಡಿಮೆಯೇ, ಅದೂ ಮನುಷ್ಯನನ್ನು ದಣಿಸುತ್ತದೆ ಎಂದು ತೋರಿಸಿದರು. ಅದೇ ಪುಸ್ತಕದಲ್ಲಿ ಇನ್ನೊಂದು ಕಸುಬಿನವರೂ ಇದ್ದಾರೆ: ಬಾಕಿ ವಸೂಲಿ ಮಾಡುವವರು. ಅವರಿಗೆ ನಗುವುದಲ್ಲ, ಗದರುವುದೇ ಕೆಲಸ. ನಮ್ಮ ಕಂಡಕ್ಟರ್ ಒಂದೇ ಟ್ರಿಪ್ಪಿನಲ್ಲಿ ಈ ಎರಡೂ ಆಗಬೇಕು. ಈ ಸೀಟಿನ ಅಜ್ಜಿಗೆ ಮಗನಾಗಬೇಕು, ಪಕ್ಕದ ಸೀಟಿನವನಿಂದ ಚಿಲ್ಲರೆ ಕೀಳಬೇಕು. ವಿಮಾನದಲ್ಲಿ ಸೀಟಿಗೊಬ್ಬರೇ ಪ್ರಯಾಣಿಕರು. ವಿಜಯಪುರದಿಂದ ಬಬಲೇಶ್ವರಕ್ಕೆ ಹೊರಟ ಸಂಜೆಯ ಬಸ್ಸಿನಲ್ಲಿ ಫುಟ್‌ಬೋರ್ಡಿನವರೆಗೂ ಜನ. ಆ ನೂಕುನುಗ್ಗಲಲ್ಲಿ ಮಷೀನು ಎದೆಗವಚಿಕೊಂಡು, 'ಅಕ್ಕಾರ, ಒಳಗ ಸರೀರಿ' ಎನ್ನುತ್ತ, ಮುಂದಿನ ಸ್ಟಾಪು ಬರುವುದರೊಳಗೆ ಒಬ್ಬೊಬ್ಬರ ಆಧಾರ್ ನೋಡಿ ಶೂನ್ಯ ದರದ ಟಿಕೆಟ್ ಕೊಟ್ಟು ಮುಗಿಸಬೇಕು. ಲೆಕ್ಕ ತಪ್ಪಿದರೆ ಮೆಮೊ ಅವನಿಗೇ.

ಗಡಿ ಸೀಮೆಯಲ್ಲಿ ಇದು ಇನ್ನೂ ಕಠಿಣ. ಟಿಕೋಟಾದ ಮಗಳನ್ನು ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಕೊಡುವುದು ಈ ಭಾಗದಲ್ಲಿ ಹೊಸದಲ್ಲ. ಅಲ್ಲಿ ಊರೂರೇ ಕನ್ನಡ ಮಾತಾಡುತ್ತವೆ. ಆಕೆ ತವರಿಗೆ ಬಂದು ವಿಜಯಪುರದ ಬಸ್ಸು ಹತ್ತುತ್ತಾಳೆ. ಆಧಾರ್‌ನಲ್ಲಿ ಗಂಡನ ಮನೆಯ ವಿಳಾಸ; ಉಚಿತ ಟಿಕೆಟ್ ಕರ್ನಾಟಕದ ವಿಳಾಸದವರಿಗಷ್ಟೇ. 'ಯಣ್ಣಾ, ನಾ ಇದ ಊರಾಗ ಹುಟ್ಟಾಕಿ. ನಮ್ಮವ್ವಗ ಪುಕ್ಕಟ, ನನಗ ರೊಕ್ಕ ಏನು?' ನಿಯಮ ಮಾಡಿದವರು ಬೆಂಗಳೂರಿನಲ್ಲಿದ್ದಾರೆ. ಆ ಪ್ರಶ್ನೆಗೆ ಮುಖ ಕೊಡುವವನು ಕಂಡಕ್ಟರ್. ರೊಕ್ಕ ಕೇಳಿದರೆ ಕರುಣೆಯಿಲ್ಲದವನು, ಬಿಟ್ಟರೆ ನೌಕರಿಗೆ ಕುತ್ತು.

ಇಂಥ ಒಂದು ಮಾತು ಎಲ್ಲಿಗೆ ಮುಟ್ಟಬಹುದೆಂಬುದನ್ನು 2025ರ ಫೆಬ್ರುವರಿಯಲ್ಲಿ ಬೆಳಗಾವಿ ತೋರಿಸಿತು. ಉಚಿತ ಟಿಕೆಟ್ ವಿಚಾರಕ್ಕೆ ಶುರುವಾದ ತಕರಾರು ಮರಾಠಿ ಮಾತಾಡಲಿಲ್ಲವೆಂಬ ಹೊಡೆದಾಟವಾಯಿತು. ಪೆಟ್ಟು ತಿಂದ ಕಂಡಕ್ಟರ್ ಮೇಲೆಯೇ ಪೋಕ್ಸೊ ದೂರು ಬಿತ್ತು. ಕೆಲವೇ ದಿನಗಳಲ್ಲಿ ದೂರು ಕೊಟ್ಟವರೇ ಅದನ್ನು ಹಿಂದಕ್ಕೆ ಪಡೆದರು. ನಾಡೆಲ್ಲ ಭಾಷೆಯ ಬಗ್ಗೆ ಮಾತಾಡಿತು. ಒಬ್ಬನೇ ನೌಕರನ ಹೆಗಲಿಗೆ ಇಷ್ಟು ಜಗಳ ಕಟ್ಟಿದ ವ್ಯವಸ್ಥೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ದಣಿವಾರಿಸಿಕೊಳ್ಳಲಾದರೂ ಜಾಗವಿದೆಯೇ? ಹಳ್ಳಿಯ ವಸ್ತಿ ಬಸ್ಸಿನ ಡ್ಯೂಟಿ ಬಿದ್ದವನು ರಾತ್ರಿ ಸೀಟಿನ ಮೇಲೇ ಮಲಗಿ, ನಸುಕಿನಲ್ಲಿ ಮೊದಲ ಟ್ರಿಪ್ಪಿಗೆ ಏಳುತ್ತಾನೆ. ಕಂಡಕ್ಟರ್ ಹೆಣ್ಣುಮಗಳಾದರೆ ದಾರಿಯಲ್ಲಿ ಶೌಚಾಲಯ ಹುಡುಕುವುದೇ ಒಂದು ಪಾಡು. 2024ರ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಸಿಬ್ಬಂದಿ ಒಟ್ಟಾಗಿ ಸಿಕ್ ಲೀವ್ ಹಾಕಿದಾಗ ಹತ್ತಾರು ವಿಮಾನ ರದ್ದಾದವು; ದೇಶವೇ ಅವರ ಅಳಲಿನತ್ತ ತಿರುಗಿ ನೋಡಿತು, ವಜಾ ಆದ 25 ಜನರನ್ನು ಕಂಪನಿ ವಾಪಸ್ ಕರೆಸಿಕೊಂಡಿತು. ಟಿಕೋಟಾ ಬಸ್ಸಿನ ಕಂಡಕ್ಟರ್ ಸಿಕ್ ಲೀವ್ ಹಾಕಿದರೆ ಯಾವ ಚಾನೆಲ್ಲೂ ಬರುವುದಿಲ್ಲ.

ವಿಜಯಪುರ ವಿಭಾಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದ್ದು. ಕಲಬುರಗಿಯ ಕೇಂದ್ರ ಕಚೇರಿಯಲ್ಲಿ ಕೂತವರು ಸಂಜೆ ಐದರ ಹೊತ್ತಿಗೆ ವಿಜಯಪುರದ ಬಸ್ ನಿಲ್ದಾಣಕ್ಕೆ ಬಂದು ನಿಲ್ಲಲಿ. ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ, ಕಾಲೇಜು ಬಿಡುವ ಹೊತ್ತಿನಲ್ಲಿ ಬಸ್ಸಿಗೆ ಇಬ್ಬರು ಕಂಡಕ್ಟರುಗಳನ್ನು ಕೊಡಲಿ. ರಶ್ಶಿನಲ್ಲಿ ತಪ್ಪಿದ ಶೂನ್ಯ ಟಿಕೆಟ್ಟಿಗೆ ಮೆಮೊ ಕೊಡುವುದು ನಿಲ್ಲಲಿ. ಗಡಿಯಾಚೆ ಕೊಟ್ಟ ಹೆಣ್ಣುಮಕ್ಕಳಿಗೆ ತವರಿನ ದಾಖಲೆಯ ಮೇಲೆ ಟಿಕೆಟ್ ಕೊಡಬಹುದೇ ಎಂದು ಸರ್ಕಾರ ತೀರ್ಮಾನಿಸಿ, ಆದೇಶವನ್ನು ಬಸ್ಸಿನೊಳಗೆ ಅಂಟಿಸಲಿ. ದುಡಿದವರ ಬಾಕಿಗಾಗಿ ಅವರನ್ನು ಇನ್ನೊಮ್ಮೆ ಬೀದಿಗಿಳಿಸಬಾರದು. ಅಲ್ಲಿಯವರೆಗೆ, ಓದುಗರೇ, ಬಸ್ಸು ಹತ್ತುವಾಗ ಆಧಾರ್ ಮತ್ತು ಚಿಲ್ಲರೆ ಕೈಯಲ್ಲೇ ಇರಲಿ. ಕಂಡಕ್ಟರ್ ದನಿ ಒಮ್ಮೆ ಒರಟಾಗಿ ಕೇಳಿಸಿದರೆ ಅವನ ಮೇಲೆ ದೂರು ಬರೆಯುವ ಮೊದಲು, ಅದು ಆ ದಿನದ ಎಷ್ಟನೇ ಟ್ರಿಪ್ಪೆಂದು ಕೇಳಿ.