ನಿಷೇಧಿತ ಬಾವುಟಕ್ಕೆ ಬೈಲಕುಪ್ಪೆಯಲ್ಲಿ ನೆಲೆ

ಪ್ರತಿ ವರ್ಷ ಮಾರ್ಚ್ 10ರಂದು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ತಮ್ಮ ಬಾವುಟ ಹಿಡಿದು 1959ರ ಲ್ಹಾಸಾ ದಂಗೆಯನ್ನು ಸ್ಮರಿಸುತ್ತಾರೆ. ಹಿಮಪರ್ವತ, ಎರಡು ಸಿಂಹ, ಉದಯಸೂರ್ಯನ ಚಿತ್ರವಿರುವ ಈ ಬಾವುಟವನ್ನು ಕಮ್ಯುನಿಸ್ಟ್ ಚೀನಾ ನಿಷೇಧಿಸಿದೆ. ಟಿಬೆಟಿನಲ್ಲಿ ಅದನ್ನು ಹಾರಿಸಿದವರು ಸೆರೆಮನೆ ಸೇರಿದ್ದಾರೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಇಲ್ಲಿ ನೆಲೆನಿಂತವರ ಮೊಮ್ಮಕ್ಕಳಲ್ಲಿ ಹೆಚ್ಚಿನವರು ಟಿಬೆಟನ್ನು ಕಂಡವರಲ್ಲ. ಅವರ ಪಾಲಿಗೆ ಆ ಬಾವುಟವೇ ತಾಯ್ನಾಡಿನ ಗುರುತು.

ಕಥೋಲಿಕರೇ ಹೆಚ್ಚಿರುವ ಲಿಥುವೇನಿಯಾ ದೇಶವೂ ಇದನ್ನು ಅನುಭವಿಸಿದೆ. ಸೋವಿಯತ್ ಆಡಳಿತ ಅದರ ಹಳದಿ, ಹಸಿರು, ಕೆಂಪು ಧ್ವಜವನ್ನು ನಿಷೇಧಿಸಿತ್ತು. 1961ರಲ್ಲಿ ಅಲ್ಲಿನ ಪ್ರಸಿದ್ಧ ಶಿಲುಬೆ ಗುಡ್ಡದ ಶಿಲುಬೆಗಳನ್ನು ಬುಲ್‌ಡೋಜರ್ ಹಾಯಿಸಿ ನೆಲಸಮ ಮಾಡಿತು. ಜನ ಮತ್ತೆ ಮತ್ತೆ ಶಿಲುಬೆ ನೆಟ್ಟರು. 1988ರಲ್ಲಿ ಧ್ವಜ ಮತ್ತೆ ಹಾರಿತು. 1990ರಲ್ಲಿ ದೇಶ ಸ್ವಾತಂತ್ರ್ಯ ಘೋಷಿಸಿತು.

ಬಟ್ಟೆಯ ತುಂಡಿಗೆ ಸರಕಾರ ಹೆದರುವುದು ಅದರ ಹಿಂದಿರುವ ಜನರ ಮನಸ್ಸಾಕ್ಷಿಯ ಭಯದಿಂದ. ಅಂಥಲ್ಲಿ ಬಾವುಟಕ್ಕೆ ಬಂದ ಗತಿ ಶಿಲುಬೆಗೂ ಬರುತ್ತದೆ. ಆಗಸ್ಟ್ 15ರಂದು ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ಬಲಿಪೂಜೆಯೊಂದಿಗೆ ನಾವು ಚರ್ಚ್ ಅಂಗಳದಲ್ಲಿ ನಿರ್ಭಯವಾಗಿ ತ್ರಿವರ್ಣ ಧ್ವಜ ಹಾರಿಸುತ್ತೇವೆ. ಅಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಮ್ಮದೇ ರಾಜ್ಯದಲ್ಲಿ ಬಾಳುವ ಈ ನಿರಾಶ್ರಿತರೂ ಸೇರಲಿ.